ಹಳೆ ಪಂಪು, ದೊಡ್ಡ ಇಂಜೆಕ್ಟರ್

ರೋಟರಿ ಇಂಜಿನ್ನಿನ ಕಾರೊಂದರ ಟ್ಯಾಂಕಿನೊಳಗೆ ಪೆಟ್ರೋಲ್ ಎತ್ತಿ ಕೊಡುವ ಹಳೆಯ ಪಂಪೊಂದು ಇತ್ತು. ಕಾರಿನ ಓಟ ಸಾಲದೆಂದು ಯಜಮಾನ ಧನಪಾಲ ಒಂದು ದಿನ ಇಂಜಿನ್ನಿಗೆ ಗಾಳಿ ಊದುವ ಟರ್ಬೋದ ಒತ್ತಡ ಏರಿಸಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನೂ ದೊಡ್ಡವು ಹಾಕಿಸಿದ.

"ಅಜ್ಜಾ, ಹಳಬರಿಗಿಂತ ಎರಡರಷ್ಟು ಚಿಮ್ಮುತ್ತೇವೆ, ನೋಡುತ್ತಿರು!" ಎಂದವು ಹೊಸ ಇಂಜೆಕ್ಟರ್‌ಗಳು.

"ಚಿಮ್ಮುವವರು ನೀವೇ ಸರಿ, ಎತ್ತಿ ಕೊಡುವವನು ನಾನಲ್ಲವೇ?" ಎಂದಿತು ಪಂಪು. "ಸೌಟು ದೊಡ್ಡದಾದರೆ ಕೊಳಗದ ಸಾರು ಹೆಚ್ಚುತ್ತದೆಯೇ? ನನ್ನ ಕೈಲಾಗುವುದು ಇಷ್ಟೇ. ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಹೋದರೆ ಒಳಗಿನ ಉರಿ ಹದ ತಪ್ಪುತ್ತದೆ. ಅಲ್ಲಿ ತಿರುಗುವ ರೋಟರಿನ ತುದಿಯಲ್ಲಿ ಸೋರದಂತೆ ತಡೆಯುವ ಸಣ್ಣ ಸೀಲುಗಳು ಸಿಡಿದು ಹೋಗುತ್ತವೆ, ಪಾಪ."

"ಹೊರಡುವ ಹೊತ್ತಿಗೆ ಅಪಶಕುನ ನುಡಿಯಬೇಡ," ಎಂದು ಟರ್ಬೋ ಗದರಿತು.

ಧನಪಾಲ ಚಕ್ರದಡಿ ನಿಂಬೆಹಣ್ಣಿಟ್ಟು ಕೈಮುಗಿದು ಹೊರಟ. ಹೆದ್ದಾರಿಯ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ. ಟರ್ಬೋ ಊದಿತು, ಇಂಜೆಕ್ಟರ್‌ಗಳು ಬಾಯಿ ಕಳೆದವು. ಪಂಪು ಜೀವ ತೇಯ್ದು ತಳ್ಳಿದರೂ ಸಾಲಲಿಲ್ಲ. ಸೀಲುಗಳು ಒಂದೊಂದಾಗಿ ಸಿಡಿದದ್ದು ಅದಕ್ಕೆ ಕೇಳಿಸಿತು. ಇಂಜಿನ್ ಸತ್ತಿತು.

"ಪೆಟ್ರೋಲ್ ಸಾಲಲಿಲ್ಲ ಸಾರ್," ಎಂದ ಇಂಜಿನ್ ಬಿಚ್ಚಿ ನೋಡಿದ ಮೆಕ್ಯಾನಿಕ್.

ಕೊನೆಗೂ ತನ್ನ ಮಾತು ಯಾರಿಗೋ ತಲುಪಿತೆಂದು ಪಂಪು ಕಿವಿಯಾಯಿತು.

"ಹಾಗಾದರೆ ಇನ್ನೂ ದೊಡ್ಡ ಇಂಜೆಕ್ಟರ್ ಹಾಕಪ್ಪ," ಎಂದ ಧನಪಾಲ.

ಇನ್ನೂ ದೊಡ್ಡ ಇಂಜೆಕ್ಟರ್‌ಗಳ ಜೊತೆ ಹೊಸ ಇಂಜಿನ್ ಬಂತು. ಅದರ ಎಳೆಯ ಸೀಲುಗಳು, "ನಮಸ್ಕಾರ ಅಜ್ಜಾ, ದಾರಿಯಲ್ಲಿ ಭಯವೇನೂ ಇಲ್ಲ ತಾನೇ?" ಎಂದು ಕೇಳಿದವು.

ಪಂಪು ಬಾಯಿ ತೆರೆಯುವಷ್ಟರಲ್ಲಿ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾದ ಸದ್ದು ಕೇಳಿಸಿತು.