ಮಗ್ಗದ ಸದ್ದಿನಲ್ಲಿ ಆಡಿದ ಮಾತು

"ಗುರುಗಳೇ, ಹೆದರಿಸುತ್ತಿದ್ದವನು ಹೋದ ಮೇಲೂ ಹೆದರಿಕೆ ಯಾಕೆ ಹೋಗುವುದಿಲ್ಲ?" ಎಂದು ಶಿಷ್ಯ ಕೇಳಿದ.

"ಕೂತುಕೋ. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಅವನ ತಮ್ಮ. ಆ ನಾಡಿನ ದೊರೆ ಗೂಢಚಾರರನ್ನು ಸಾಕಿದ್ದ. ಅವರು ಯಾರು, ಯಾವ ಗೋಡೆಗೆ ಕಿವಿ ಹಚ್ಚಿದ್ದಾರೆ, ಯಾರಿಗೂ ತಿಳಿಯದು. ಹಾಗಾಗಿ ನೇಕಾರರ ಕೇರಿಯಲ್ಲಿ ಒಂದು ರೂಢಿ ಬೆಳೆದಿತ್ತು. ಆಡಬಾರದ ಮಾತನ್ನು ಮಗ್ಗ ನಡೆಯುವಾಗ, ಅದರ ಸದ್ದಿನ ಮರೆಯಲ್ಲಿ ಆಡುವುದು. ಲಾಳಿ ನಿಂತರೆ ಮಾತೂ ನಿಲ್ಲಬೇಕು.

ಒಂದು ದಿನ ತಮ್ಮನು ಮಗ್ಗ ನಡೆಸುತ್ತ ಕೂತು, "ದೊರೆಗೆ ನಾನೇಕೆ ಹೆದರಲಿ? ಅವನ ಪಂಚೆ ನೇಯುವವನು ನಾನು. ಆ ಹೊಟ್ಟೆಯ ಸುತ್ತಳತೆ ನನ್ನನ್ನು ಕೇಳಿ" ಎಂದ. ಮೂವರೂ ನಕ್ಕರು. ವಾರ ಕಳೆಯುವುದರೊಳಗೆ ತಮ್ಮನನ್ನು ಎಳೆದೊಯ್ದರು. ಅವನು ತಿರುಗಿ ಬರಲಿಲ್ಲ.

ಮಾತು ಕೇಳಿದವರು ಇಬ್ಬರೇ. ನೇಕಾರನಿಗೆ ಗೊತ್ತು, ತಾನು ಹೇಳಿಲ್ಲ. ಅಂದಿನಿಂದ ಅವನು ಹೆಂಡತಿಯ ಎದುರು ಬಾಯಿ ಬಿಗಿಹಿಡಿದ. ಅವಳು ಬಡಿಸಿದ್ದನ್ನು ಉಂಡ. ಅವಳು ಬಾವಿಗೆ ಹೋದರೆ ಯಾರೊಂದಿಗೆ ನಿಂತಳು ಎಂದು ಬಾಗಿಲ ಸಂದಿಯಿಂದ ನೋಡಿದ. ಅವಳೂ ಏನೂ ಕೇಳಲಿಲ್ಲ. ಹೀಗೇ ಇಬ್ಬರ ತಲೆಯೂ ನರೆಯಿತು.

ಕೊನೆಗೆ ದೊರೆ ಓಡಿಹೋದ. ಗೂಢಚಾರರು ಚದುರಿದರು. ಜನ ಅವರ ಠಾಣೆಯನ್ನು ಕೆಡವಲಿಲ್ಲ. ಇದ್ದದ್ದನ್ನು ಇದ್ದಂತೆಯೇ ಇಟ್ಟು, ಅದನ್ನೊಂದು ವಸ್ತುಸಂಗ್ರಹಾಲಯ ಮಾಡಿ, ಎಲ್ಲರೂ ನೋಡಲಿ ಎಂದು ಬಾಗಿಲು ತೆರೆದರು.

ನೇಕಾರ ನೋಡಲು ಹೊರಟ. ತಮ್ಮನನ್ನು ಹಿಡಿದುಕೊಟ್ಟವರು ಯಾರೆಂದು ಅಲ್ಲಿ ತಿಳಿದೀತು ಎಂಬ ಆಸೆ. ತಿಳಿದುಬಿಟ್ಟರೆ ಎಂಬ ಭಯ. ಹೆಂಡತಿಯೂ ನೆರೆಮನೆಯವಳನ್ನು ಕರೆದುಕೊಂಡು ಜೊತೆಗೆ ಬಂದಳು. ಒಳಗೆ ಬಂದವರೆಲ್ಲ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು.

ಒಂದು ಕೋಣೆಯಲ್ಲಿ ಮಗ್ಗವಿತ್ತು. ಹೆಂಗಸರು ಅಲ್ಲೇ ನಿಂತರು. ಕಾವಲುಗಾರ ನೇಕಾರನನ್ನು ಗೋಡೆಯ ಹಿಂದಿನ ಕಿರುಕೋಣೆಗೆ ಕರೆದೊಯ್ದ. ಅಲ್ಲಿ ಒಂದು ಮಣೆ. ಗೋಡೆಯಲ್ಲಿ ಕಿವಿಯ ಎತ್ತರಕ್ಕೆ ಒಂದು ತೂತು.

"ಗೂಢಚಾರರ ಠಾಣೆಯಲ್ಲಿ ಮಗ್ಗವೇಕೆ?" ಎಂದ ನೇಕಾರ.

"ಕಿವಿ ಪಳಗಿಸುವುದಕ್ಕೆ. ಆಚೆ ಮಗ್ಗ ನಡೆಸಿ ಮಾತಾಡಿಸೋರು, ಇಲ್ಲಿ ಕೂತು ಕೇಳಿಸಿಕೊಳ್ಳೋರು. ಪಳಗಿದವರನ್ನ ನಿಮ್ಮ ಕೇರಿಯ ಗೋಡೆಗಳ ಹಿಂದೆ ನಿಲ್ಲಿಸೋರು. ಸದ್ದಿದ್ದರೆ ಮನುಷ್ಯ ದನಿ ಏರಿಸ್ತಾನಲ್ಲ ಯಜಮಾನ್ರೇ! ಇಡೀ ಊರಲ್ಲಿ ನಿಮ್ಮ ಮಾತಿನಷ್ಟು ಚೆನ್ನಾಗಿ ಇನ್ಯಾರ ಮಾತೂ ಕೇಳಿಸ್ತಿರಲಿಲ್ಲವಂತೆ."

ನೇಕಾರ ಮಣೆಯ ಮೇಲೆ ಕುಸಿದ. ಯಾರೂ ಹಿಡಿದುಕೊಟ್ಟಿರಲಿಲ್ಲ. ಮಗ್ಗವನ್ನು ನಂಬಿ ತಾವೇ ಕೂಗಿ ಹೇಳಿದ್ದರು. ಈಗಲೇ ಹೋಗಿ ಹೆಂಡತಿಗೆ ಹೇಳಬೇಕು ಎಂದುಕೊಂಡ.

ಅಷ್ಟರಲ್ಲಿ ಆಚೆ ಮಗ್ಗ ಸದ್ದು ಮಾಡಿತು. ಖಾಲಿ ಮಗ್ಗ ಕಂಡು ಹೆಂಡತಿ ಸುಮ್ಮನಿರಲಾರದೆ ಕೂತಿದ್ದಳು. ಲಾಳಿ ಓಡತೊಡಗಿತು. ಲಾಳಿ ಓಡಿದರೆ ಆ ಕೇರಿಯವರ ಬಾಯಿ ತಾನಾಗಿ ಬಿಚ್ಚುತ್ತದೆ.

ಅವನು ಏಳಲಿಲ್ಲ. ತೂತಿಗೆ ಕಿವಿ ಹಚ್ಚಿದ.

"ಹಾಗಾದರೆ ನಿನ್ನ ಮೈದುನನ್ನ ಹಿಡಿದುಕೊಟ್ಟೋರು ಯಾರು ಅಕ್ಕಾ?" ಎಂದಳು ನೆರೆಯವಳು.

"ಇನ್ಯಾರು? ನಮ್ಮ ಯಜಮಾನ್ರೇ. ಆ ಮಾತು ಕೇಳಿದ್ದು ಅವರು ಮತ್ತು ನಾನು. ಇಷ್ಟು ವರ್ಷ ಉಸಿರು ಬಿಟ್ಟಿಲ್ಲ. ನನ್ನನ್ನೂ ಹಿಡಿದುಕೊಟ್ಟುಬಿಟ್ಟರೆ ಅಂತ ಅವರ ಪಕ್ಕದಲ್ಲಿ ಒಂದು ದಿನವೂ ಕಣ್ತುಂಬ ನಿದ್ದೆ ಮಾಡಿಲ್ಲ ಕಣೇ."

ಮಗ್ಗ ನಿಂತಿತು. ಮಾತೂ ನಿಂತಿತು.

ದಾರಿಯಲ್ಲಿ ಹೆಂಡತಿ, "ಗೋಡೆಯ ಹಿಂದೆ ಏನಿತ್ತು?" ಎಂದು ಕೇಳಿದಳು.

"ಏನೂ ಇಲ್ಲ" ಎಂದ ನೇಕಾರ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ದಡ್ಡ! ಹಿಡಿದುಕೊಟ್ಟವನು ನಾನಲ್ಲ ಎಂದು ಒಂದು ಮಾತು ಹೇಳಿದ್ದರೆ ಇಬ್ಬರ ಹೆದರಿಕೆಯೂ ಹೋಗುತ್ತಿತ್ತಲ್ಲ?"

"ನನ್ನ ಮಾತು ನಿಮ್ಮ ಕಿವಿಗೆ ಹೇಗೆ ಬಿತ್ತು ಎಂದು ಅವಳು ಕೇಳುತ್ತಿದ್ದಳು" ಎಂದರು ಗುರುಗಳು.