ಮರಗಳ ಮೈ ಬಿರಿದ ಬೆಳಗು

ಲೋಕ ಆಗಿನ್ನೂ ಹೊಸದು. ಹೊಳೆಗೆ ತನ್ನ ದಾರಿ ಯಾವುದೆಂದು ಗೊತ್ತಿರಲಿಲ್ಲ. ಇವತ್ತು ಈ ಕಡೆ, ನಾಳೆ ಆ ಕಡೆ ಹರಿದು ನೋಡುತ್ತಿತ್ತು. ಗುಡ್ಡಗಳ ಮಣ್ಣು ಇನ್ನೂ ಬೆಚ್ಚಗಿತ್ತು. ತನಗೆ ಇಷ್ಟುದ್ದ ಕಿವಿ ಯಾಕೆ ಬಂತು ಎಂದು ಮೊಲ ಸಿಕ್ಕವರನ್ನೆಲ್ಲ ಕೇಳಿಕೊಂಡು ಓಡಾಡುತ್ತಿದ್ದ ಕಾಲ ಅದು.

ಆ ಕಾಲದಲ್ಲಿ ಮರಗಳೆಲ್ಲ ಒಂದೇ ಥರ ಇದ್ದವು. ಒಂದೇ ಎತ್ತರ, ಒಂದೇ ದಪ್ಪ, ಒಂದೇ ಮಣ್ಣಿನ ಬಣ್ಣ. ಎಲೆಯೂ ಒಂದೇ ಥರ, ಬಟ್ಟಲಿನ ಹಾಗೆ ಗುಂಡಗೆ. ಮೈ ಮಾತ್ರ ನುಣುಪೋ ನುಣುಪು. ಇರುವೆ ಹತ್ತಿದರೂ ಜಾರಿ ಬೀಳುತ್ತಿತ್ತು. ಅವು ಬೆಳೆಯುತ್ತಿರಲಿಲ್ಲ. ಹುಟ್ಟಿದ ದಿನ ಹೇಗಿದ್ದವೋ ಹಾಗೇ ನಿಂತಿದ್ದವು. ಹಣ್ಣು ಬೇಕೆಂದರೆ ಬಳ್ಳಿಗಳಲ್ಲಿ ಹುಡುಕಬೇಕಿತ್ತು, ಮರಗಳು ಹಣ್ಣು ಬಿಡುತ್ತಿರಲಿಲ್ಲ.

ಆ ಕಾಡಿನಲ್ಲಿ ಕೊಂಬಯ್ಯ ಎಂಬ ಮಂಗಟ್ಟೆ ಹಕ್ಕಿ ಇದ್ದ. ಬಾಗಿದ ದೊಡ್ಡ ಕೊಕ್ಕು, ಅದರ ಮೇಲೊಂದು ಹಳದಿ ಕೊಂಬು. ಹಾರಿದರೆ ರೆಕ್ಕೆಯ ಸದ್ದು ಮೂರು ಗುಡ್ಡದಾಚೆಗೆ ಕೇಳಿಸುತ್ತಿತ್ತು. ಅವನ ಹೆಂಡತಿ ಬೆಳ್ಳಕ್ಕ. ಅವಳ ಕಣ್ಣು ಬಿಳಿ, ಅದಕ್ಕೇ ಆ ಹೆಸರು.

ಬೆಳ್ಳಕ್ಕನಿಗೆ ಮೊಟ್ಟೆಯಿಡುವ ಹೊತ್ತು ಬಂತು. ಮರ, ಪ್ರಾಣಿ ಎಲ್ಲವನ್ನೂ ಮಣ್ಣಿನಿಂದ ಮಾಡಿದವಳು ನೆಲದವ್ವ. ಮರಗಳನ್ನು ಮಾಡುವಾಗ ಅವಳ ಹೆಬ್ಬೆರಳು ಅಲ್ಲೊಂದು ಇಲ್ಲೊಂದು ಮರದಲ್ಲಿ ಸ್ವಲ್ಪ ಜೋರಾಗಿ ಒತ್ತಿಬಿಟ್ಟಿತ್ತು. ಅಲ್ಲೆಲ್ಲ ಪೊಟರೆ ಆಗಿತ್ತು. ಅಂಥದೊಂದು ಪೊಟರೆಯೊಳಗೆ ಬೆಳ್ಳಕ್ಕ ಹೋಗಿ ಕೂತಳು. ಕೊಂಬಯ್ಯ ಹೊಳೆದಂಡೆಯಿಂದ ಹಸಿಮಣ್ಣು ತಂದುಕೊಟ್ಟ. ಇಬ್ಬರೂ ಸೇರಿ ಬಾಗಿಲು ಮುಚ್ಚಿದರು. ಕೊಕ್ಕಿನ ತುದಿ ಹೊರಗೆ ಬರುವಷ್ಟು ಸೀಳು ಮಾತ್ರ ಉಳಿಯಿತು.

"ನೋಡಿ, ಇನ್ನು ನಾನು ಸದ್ದು ಮಾಡೋದಿಲ್ಲ," ಎಂದಳು ಬೆಳ್ಳಕ್ಕ ಒಳಗಿಂದ. "ಕೆಳಗೆ ಉಡ ತಿರುಗ್ತಾ ಇರುತ್ತೆ. ದನಿ ಕೇಳಿದರೆ ಹುಡುಕಿಕೊಂಡು ಬರುತ್ತೆ. ನೀವೇ ಬರಬೇಕು, ನೀವೇ ಉಣಿಸಬೇಕು."

"ಬರ್ತೀನಿ," ಎಂದ ಕೊಂಬಯ್ಯ. ಗುರುತಿಗೆ ಕೆಂಪು ಹೂವಿನ ಬಳ್ಳಿಯೊಂದನ್ನು ತಂದು ಆ ಮರದ ನೆತ್ತಿಗೆ ಇಳಿಬಿಟ್ಟ.

ದಿನವೂ ಹೋದ, ದಿನವೂ ಬಂದ. ಮರಿಗಳು ಹೊರಬಂದವು. ಬೆಳ್ಳಕ್ಕ ತನ್ನ ರೆಕ್ಕೆಯ ಗರಿಗಳನ್ನೆಲ್ಲ ಉದುರಿಸಿ ಅವಕ್ಕೆ ಹಾಸಿಗೆ ಮಾಡಿದಳು. ಹೊಸ ಗರಿ ಬರುವ ತನಕ ಅವಳೂ ಹಾರುವ ಹಾಗಿರಲಿಲ್ಲ.

ಒಂದು ಬೆಳಗ್ಗೆ ಕೊಂಬಯ್ಯ ಗಂಟಲ ತುಂಬ ಹಣ್ಣು ತುಂಬಿಕೊಂಡು ಬಂದ. ನೋಡಿದರೆ ಕೆಂಪು ಹೂವಿನ ಬಳ್ಳಿ ಎಲ್ಲೂ ಕಾಣಲಿಲ್ಲ.

ಒಂದು ಸುತ್ತು ಹಾರಿದ. ಇನ್ನೊಂದು ಸುತ್ತು ಹಾರಿದ. ಕೆಳಗೆ ಗುಂಡೆಲೆಯ ಮರ, ಅದರ ಪಕ್ಕ ಗುಂಡೆಲೆಯ ಮರ, ಅದರಾಚೆಗೂ ಗುಂಡೆಲೆಯ ಮರ. ಮಣ್ಣಿನ ಬಣ್ಣದ ಮರಕ್ಕೆ ಮಣ್ಣಿನ ಬಾಗಿಲು. ಅದು ಕಂಡೀತಾದರೂ ಹೇಗೆ?

ಒಂದು ಮರದ ಮೇಲೆ ಇಳಿದು ಕೇಳಿದ, "ನಿನ್ನೊಳಗೆ ಯಾರಾದರೂ ಇದ್ದಾರಾ?"

"ಒಳಗೆ ಅಂದರೇನು?" ಎಂದಿತು ಮರ. "ನಮಗೆ ಹೊರಗು ಗೊತ್ತು. ಒಳಗು ಗೊತ್ತಿಲ್ಲ."

"ನಿನ್ನ ಹೆಸರೇನು?"

"ಮರ."

"ನಿನ್ನ ಪಕ್ಕದಲ್ಲಿರೋರು?"

"ಮರ."

ಹೊತ್ತು ಮುಳುಗುವ ತನಕ ಕೊಂಬಯ್ಯ ಹುಡುಕಿದ. ಒಂದೊಂದು ಮರಕ್ಕೂ ಕಿವಿಯಿಟ್ಟ. ಬೆಳ್ಳಕ್ಕ ಕೊಟ್ಟ ಮಾತಿನಂತೆ ಸದ್ದು ಮಾಡಲಿಲ್ಲ, ಮರಿಗಳನ್ನೂ ಮಾಡಗೊಡಲಿಲ್ಲ. ಗಂಟಲಲ್ಲಿದ್ದ ಹಣ್ಣನ್ನು ಅವನು ನುಂಗಲಿಲ್ಲ. ಹಾಗೇ ಒಂದು ಬಂಡೆಯ ಮೇಲೆ ಕೂತ.

ಬೆಳಕು ಹರಿಯುವಾಗ ಗಾಳಿ ಬಂತು. ಯಾವಾಗಲೂ ಕುಣಿದುಕೊಂಡು ಬರುವ ಗಾಳಿ ಆವತ್ತು ಮೆಲ್ಲಗೆ ಬಂತು.

"ಕೊಂಬಯ್ಯ, ಆ ಹೂವಿನ ಬಳ್ಳಿ ನಿನ್ನದಾ? ಚೆನ್ನಾಗಿದೆ ಅಂತ ಎತ್ತಿಕೊಂಡು ಹೋದೆ. ಹೊಳೆಯಲ್ಲಿ ತೇಲಿಬಿಟ್ಟೆ. ಅದು ಗುರುತು ಅಂತ ನನಗೆ ಗೊತ್ತಿರಲಿಲ್ಲ."

"ಯಾವ ಮರದಿಂದ ತೆಗೆದೆ, ನೆನಪಿದೆಯಾ?"

"ನನಗೂ ಎಲ್ಲ ಒಂದೇ ಥರ ಕಾಣುತ್ತಪ್ಪ," ಎಂದಿತು ಗಾಳಿ. ಅವನ ರೆಕ್ಕೆಯಡಿಗೆ ನುಸುಳಿ, "ಬಾ, ನೆಲದವ್ವನ ಹತ್ತಿರ ಹೋಗೋಣ. ನಾನು ಹಿಂದಿನಿಂದ ತಳ್ಳುತ್ತೀನಿ, ನೀನು ರೆಕ್ಕೆ ಬಿಚ್ಚಿ ಹಿಡಿ," ಎಂದಿತು.

ಹೊಳೆ ತಿರುಗುವ ಕಡೆ, ಮಣ್ಣು ಸದಾ ಹಸಿಯಾಗಿರುವ ಜಾಗದಲ್ಲಿ ನೆಲದವ್ವ ಕೂತಿದ್ದಳು. ಮಡಿಲಲ್ಲಿ ಒಂದು ಕಡವೆ ಮಲಗಿತ್ತು. ಅದಕ್ಕೆ ಗೊರಸು ಮೆತ್ತುತ್ತಿದ್ದಳು. ಕೆಲಸ ನಿಲ್ಲಿಸದೆ ಕೊಂಬಯ್ಯನ ಮಾತನ್ನೆಲ್ಲ ಕೇಳಿದಳು.

"ತಪ್ಪು ಮರಗಳದ್ದಲ್ಲ," ಎಂದಳು. "ಕಾಡು ಬೇಗ ತುಂಬಲಿ ಅಂತ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ತೆಗೆದೆ. ಜೀವ ಕೊಟ್ಟೆ, ಬೆಳವಣಿಗೆ ಕೊಡಲಿಲ್ಲ. ಬೆಳೆಯೋಕೆ ಶುರುಮಾಡಿದರೆ ಒಂದೊಂದೂ ಒಂದೊಂದು ಥರ ಆಗುತ್ತೆ. ಒಳಗೆ ಏನಿದೆ ಅನ್ನೋದೂ ಗೊತ್ತಾಗುತ್ತೆ."

"ಹಾಗಾದರೆ ಕೊಡವ್ವ."

"ಕೊಡಬಹುದು. ಆದರೆ ಒಳಗಿನ ಮೈ ದಪ್ಪವಾದರೆ ಹೊರಗಿನ ಚರ್ಮ ಬಿರಿಯುತ್ತೆ. ಆ ನುಣುಪು ಮತ್ತೆ ಬರೋದಿಲ್ಲ. ಒಲ್ಲೆ ಅನ್ನೋರಿಗೆ ನಾನು ಬಲವಂತ ಮಾಡೋಳಲ್ಲ. ನೀನೇ ಕೇಳು."

ಕೊಂಬಯ್ಯ ಕಾಡಿನ ನಡುವೆ ನಿಂತು ಕೇಳಿದ. ಮರಗಳು ತಮ್ಮ ತಮ್ಮ ನುಣುಪು ಮೈ ನೋಡಿಕೊಂಡವು.

"ನಿಮ್ಮಲ್ಲಿ ಯಾರದೋ ಒಬ್ಬರ ಹೊಟ್ಟೆಯಲ್ಲಿ ನನ್ನ ಸಂಸಾರ ಇದೆ," ಎಂದ ಕೊಂಬಯ್ಯ. "ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ನಿನ್ನೆಯಿಂದ ಏನೂ ತಿಂದಿಲ್ಲ. ಯಾರ ಹೊಟ್ಟೆ ಅಂತ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅಷ್ಟೇ ನನ್ನ ಕಷ್ಟ."

ಹೊಳೆಯಂಚಿನಲ್ಲಿದ್ದ ಒಂದು ಮರ ಮೊದಲು ಬಾಯಿ ಬಿಟ್ಟಿತು. "ನನಗಂತೂ ಈ ನುಣುಪು ಸಾಕಾಗಿದೆ. ಯಾರೂ ನನ್ನ ಮೇಲೆ ಹತ್ತೋದಿಲ್ಲ, ಕೂರೋದಿಲ್ಲ. ನನಗೆ ಕೊಡು."

ನೆಲದವ್ವ ಎದ್ದು ಬಂದು ಒದ್ದೆ ಅಂಗೈಯನ್ನು ಅದರ ಬುಡಕ್ಕೆ ಇಟ್ಟಳು. ಹೊಳೆ ಒಂದಷ್ಟು ನೀರು ಕೊಟ್ಟಿತು.

"ಏನೋ ಹತ್ತುತ್ತಾ ಇದೆ," ಎಂದಿತು ಮರ. "ಕಾಲಿನಿಂದ ಮೇಲಕ್ಕೆ, ತಣ್ಣಗೆ."

"ಅದು ನೀರು. ಬೇರಿನಿಂದ ಎಲೆಗೆ ಹೋಗುತ್ತೆ."

"ಈಗ ಏನೋ ಇಳಿಯುತ್ತಾ ಇದೆ. ಸಿಹಿಯಾಗಿದೆ."

"ಅದು ನಿನ್ನ ಊಟ. ಎಲೆ ಬಿಸಿಲಲ್ಲಿ ಬೇಯಿಸಿ ಕಳಿಸಿದ್ದು. ಚರ್ಮದ ಕೆಳಗೇ ಅದರ ದಾರಿ."

ಮರದ ಮೈ ಉಬ್ಬಿತು. ಹೊರಗಿನ ಚರ್ಮ ಬಿಗಿಯಾಯಿತು, ಇನ್ನೂ ಬಿಗಿಯಾಯಿತು, ಆಮೇಲೆ ಚಟ್ ಚಟ್ ಎಂದು ಉದ್ದುದ್ದ, ಅಡ್ಡಡ್ಡ ಬಿರಿಯಿತು. ಹೊಳೆಯಲ್ಲಿ ಮಲಗಿದ್ದ ಮೊಸಳೆ ತಲೆಯೆತ್ತಿ, "ಅದು ನನ್ನ ಬೆನ್ನಲ್ಲವಾ?" ಎಂದು ಕೇಳಿತು. ಹೊಳೆಗೆ ನಗು ತಡೆಯಲಾಗಲಿಲ್ಲ.

ಹಾಗೆ ಬಿರಿದದ್ದು ಮತ್ತಿ ಮರ. ಬಿರುಕು ಹಿಡಿದುಕೊಂಡು ಇರುವೆಯೊಂದು ಜಾರದೆ ಮೇಲೇರಿತು. ಮತ್ತಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅದನ್ನು ನೋಡಿದ್ದೇ ತಡ, ಕಾಡಿನಲ್ಲಿ ಗದ್ದಲವೋ ಗದ್ದಲ. ನನಗೂ, ನನಗೂ ಎಂದು ಮರಗಳೆಲ್ಲ ಕೇಳಿದವು. ನೆಲದವ್ವ ಸೆರಗು ಸಿಕ್ಕಿಸಿಕೊಂಡು ಓಡಾಡಿದಳು. ಬೂರುಗದ ಮೈಯಲ್ಲಿ ಮುಳ್ಳೆದ್ದವು. ನಂದಿ ಮರ ತನ್ನ ಚರ್ಮವನ್ನು ಕಾಗದದ ಹಾಗೆ ಸುಲಿದು ಕೆಳಗೆ ಹಾಕಿತು, ಒಳಗಿಂದ ತಿಳಿ ಮೈ ಹೊಳೆಯಿತು. ಹೊನ್ನೆ ಮರ ಗೀರಿಕೊಂಡಿತು, ಕೆಂಪು ರಸ ಬಂತು. ಅದು ತಾನೇ ಹೆದರಿ ಆಮೇಲೆ ತಾನೇ ನಕ್ಕಿತು.

ಎಲೆಗಳೂ ಸುಮ್ಮನಿರಲಿಲ್ಲ. ಗಾಳಿಯ ಜೊತೆ ಹರಟೆ ಹೊಡೆಯಬೇಕೆಂದು ಅರಳಿಯ ಎಲೆ ಉದ್ದ ಬಾಲ ಬಿಟ್ಟುಕೊಂಡಿತು. ಒಂದು ಮರ ಎಲೆಯ ನಡುವೆ ಸೀಳಿಕೊಂಡಿತು, ಎತ್ತಿನ ಗೊರಸಿನಂತಾಯಿತು. ಅದನ್ನೇ ನಾವು ಬಸವನಪಾದ ಎನ್ನುವುದು. ಹುಣಸೆಗೆ ಒಂದು ದೊಡ್ಡ ಎಲೆ ಬೇಡವಾಯಿತು, ಪುಟ್ಟ ಪುಟ್ಟ ಎಲೆಗಳ ಸಾಲೇ ಬೇಕಾಯಿತು. ತೇಗ ಮಾತ್ರ ಎಲೆಯನ್ನು ಎಷ್ಟು ಹಿಗ್ಗಿಸಿತೆಂದರೆ ಜಿಂಕೆಯೊಂದು ಅದರ ಕೆಳಗೆ ಬಿಸಿಲಿಗೆ ಮರೆಯಾಗಿ ನಿಂತಿತು.

ಕೊಂಬಯ್ಯ ಮರದಿಂದ ಮರಕ್ಕೆ ಹಾರಿದ. "ಒಳಗೆ ಏನಾದರೂ ಇದೆಯಾ?"

"ನೀರಿದೆ," ಎಂದಿತು ಮತ್ತಿ.

"ಅಂಟಿದೆ," ಎಂದಿತು ಹಲಸು.

"ಗಟ್ಟಿ ತಿರುಳಿದೆ," ಎಂದಿತು ತೇಗ.

ಮಂಗಟ್ಟೆ ಇದೆ ಎಂದು ಯಾವ ಮರವೂ ಹೇಳಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ಕೊಂಬಯ್ಯನ ರೆಕ್ಕೆ ಸೋತಿತ್ತು.

ಗುಡ್ಡದ ಇಳಿಜಾರಿನಲ್ಲಿ ಒಂದೇ ಒಂದು ಮರ ಇನ್ನೂ ನುಣ್ಣಗೆ ನಿಂತಿತ್ತು. ಕೊಂಬಯ್ಯ ಅದರ ಎದುರಿನ ಬಂಡೆಗೆ ಇಳಿದ.

"ನೋವಾಗುತ್ತಾ?" ಎಂದು ಆ ಮರ ಸಣ್ಣ ದನಿಯಲ್ಲಿ ಕೇಳಿತು.

ಆಗೋದಿಲ್ಲ ಎಂದುಬಿಡಬಹುದಿತ್ತು. ಮರಿಗಳ ನೆನಪಾಗಿ ಆ ಮಾತು ಕೊಕ್ಕಿನ ತುದಿಗೂ ಬಂತು. ಆದರೆ ಕೊಂಬಯ್ಯ ಹೇಳಲಿಲ್ಲ. "ನನಗೆ ಗೊತ್ತಿಲ್ಲ," ಎಂದ. "ನಾನು ಮರ ಅಲ್ಲ. ಬೇಕಾದರೆ ನೀನು ಬೆಳೆಯೋ ತನಕ ಇಲ್ಲೇ ಕೂತಿರ್ತೀನಿ."

ಕೆಳಗಿನಿಂದ ಮತ್ತಿ ಕೂಗಿ ಹೇಳಿತು, "ಮೊದಲು ಬಿಗಿಯುತ್ತೆ ಕಣೆ, ಆಮೇಲೆ ಬಿಗಿ ಉಡುಪು ಬಿಚ್ಚಿದ ಹಾಗೆ ಹಾಯಾಗುತ್ತೆ."

ಮರ ಯೋಚಿಸಿತು. "ಸರಿ," ಎಂದಿತು. ನೆಲದವ್ವ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದು ಅದರ ಬುಡ ಮುಟ್ಟಿದಳು.

ನೀರು ಏರಿತು. ಸಿಹಿ ಇಳಿಯಿತು. ಮೈ ಉಬ್ಬಿತು, ಬೂದು ಬಣ್ಣಕ್ಕೆ ತಿರುಗಿತು, ಸಣ್ಣ ಸಣ್ಣದಾಗಿ ಬಿರಿಯಿತು. ಎಲೆಗಳು ಕೊಂಬೆಗಳ ತುದಿಗೆ ಹೋಗಿ ಗೊಂಚಲು ಕಟ್ಟಿದವು. ಆಮೇಲೆ ಆ ಮರ ಇದ್ದಕ್ಕಿದ್ದಂತೆ ಅಲುಗಿತು. ಇನ್ನೊಮ್ಮೆ ಅಲುಗಿತು.

"ಅಯ್ಯೋ, ಒಳಗೆ ಏನೋ ಕಚಗುಳಿ," ಎಂದು ನಗತೊಡಗಿತು. "ಮೆತ್ತಗೆ ಏನೋ ಒದೆಯುತ್ತಾ ಇದೆ. ಪುಕ್ಕ ಇದೆ. ಕೊಂಬಯ್ಯ, ನನ್ನೊಳಗೆ ಯಾರೋ ಇದ್ದಾರೆ."

ಕೊಂಬಯ್ಯ ಹಾರಿದ್ದೇ ಗೊತ್ತಾಗಲಿಲ್ಲ. ಬೂದು ತೊಗಟೆಯ ನಡುವೆ ಮಣ್ಣಿನ ಬಾಗಿಲು ಈಗ ಎದ್ದು ಕಾಣುತ್ತಿತ್ತು. ಸೀಳಿನಿಂದ ಒಂದು ಬಿಳಿ ಕಣ್ಣು ನೋಡಿತು.

"ಎಲ್ಲಿ ಹೋಗಿದ್ದಿರಿ?" ಎಂದಳು ಬೆಳ್ಳಕ್ಕ ಪಿಸುದನಿಯಲ್ಲಿ.

"ಇಲ್ಲೇ ಇದ್ದೆ. ನಿನ್ನ ಸುತ್ತಲೇ ಇದ್ದೆ."

"ಹಣ್ಣಿದೆಯಾ?"

ಕೊಂಬಯ್ಯ ಸೀಳಿಗೆ ಕೊಕ್ಕು ಹಚ್ಚಿದ. ಒಂದೊಂದೇ ಹಣ್ಣನ್ನು ಗಂಟಲಿನಿಂದ ತೆಗೆದು ಸೀಳಿನಲ್ಲಿ ಇಟ್ಟ. ಒಳಗೆ ಬೆಳ್ಳಕ್ಕ ಮೊದಲು ಮರಿಗಳಿಗೆ ಕೊಟ್ಟಳು. ಅವು ತಿನ್ನುವ ಚಪ್ಪರಿಕೆ ಮರಕ್ಕೆಲ್ಲ ಕೇಳಿಸಿತು. ಒಳಗಿರುವ ಅತಿಥಿಗಳು ಗಾಳಿಗೆ ತೂಗಾಡಬಾರದು ಎಂದು ಆ ಮರ ಬುಡದ ಬೇರುಗಳನ್ನು ಗೋಡೆಯಂತೆ ಅಗಲಿಸಿ ಗಟ್ಟಿಯಾಗಿ ನಿಂತಿತು. ಅದೇ ತಾರೆಕಾಯಿ ಬಿಡುವ ತಾರೆ ಮರ. ಬೇರಿನ ಗೋಡೆಗಳ ನಡುವೆ ದಾರಿ ಸಿಗದೆ ಉಡ ಕೆಳಗೇ ಸುತ್ತಿ ಸುತ್ತಿ ಬೇಸತ್ತು ಹುತ್ತದ ಕಡೆ ಹೋಯಿತು.

ಸಂಜೆ ನೆಲದವ್ವ ಕೈ ತೊಳೆದುಕೊಂಡು ಮರಗಳಿಗೆ ಹೇಳಿದಳು, "ಇವತ್ತಿನದು ಮೊದಲ ಸುತ್ತು ಅಷ್ಟೇ. ಇನ್ನು ಮೇಲೆ ವರ್ಷ ವರ್ಷ ತೊಗಟೆಯ ಒಳಗೆ ನಿಮಗೊಂದು ಹೊಸ ಸುತ್ತು ಕೂಡಿಸ್ತೀನಿ. ಮಳೆ ಚೆನ್ನಾಗಿ ಬಂದರೆ ದಪ್ಪ ಸುತ್ತು, ಬರದಿದ್ದರೆ ಸಣ್ಣದು. ಹಳೆಯದೆಲ್ಲ ಒಳಗೇ ಭದ್ರವಾಗಿರುತ್ತೆ."

ಗಾಳಿ ಕಾಡಿನ ಮೇಲೆ ಬೀಸಿತು. ಆವತ್ತು ಮೊದಲ ಸಲ ಅದಕ್ಕೆ ಬಗೆಬಗೆಯ ಸದ್ದು ಕೇಳಿಸಿತು. ತೇಗದಲ್ಲಿ ದಪದಪ, ಹುಣಸೆಯಲ್ಲಿ ಸುಯ್ಯೆನ್ನುವ ಸದ್ದು, ಅರಳಿಯಲ್ಲಿ ಪಟಪಟ ಮಾತು. ಅದು ಮತ್ತೆ ಕುಣಿಯತೊಡಗಿತು. ಹೊಸ ಗರಿ ಬಂದ ಮೇಲೆ ಬೆಳ್ಳಕ್ಕ ಬಾಗಿಲು ಒಡೆದು ಹೊರಬಂದು, ಬೇರೆ ಬೇರೆಯಾದ ಕಾಡನ್ನು ನೋಡುತ್ತಾ ಬಹಳ ಹೊತ್ತು ಕೊಂಬೆಯ ಮೇಲೆ ಕೂತಿದ್ದಳು.

ಅದಕ್ಕೇ ಮಗು, ನೀನು ಇವತ್ತು ಕಣ್ಣು ಮುಚ್ಚಿ ಯಾವ ಮರ ಮುಟ್ಟಿದರೂ ಅದರ ತೊಗಟೆ ನಿನಗೆ ತನ್ನ ಹೆಸರು ಹೇಳುತ್ತದೆ, ಮಂಗಟ್ಟೆ ಎಷ್ಟು ದೊಡ್ಡ ಕಾಡಾದರೂ ಒಂದು ಸುತ್ತೂ ತಿರುಗದೆ ನೇರವಾಗಿ ತನ್ನ ಮರಕ್ಕೆ ಬಂದು ಇಳಿಯುತ್ತದೆ.