ಮೂರು ಗುಜ್ಜು ಕೋಳಿಗಳೂ ಮನೆ ಅಳಿಯನೂ

ಹೊದ್ಕೊಂಡು ಮಲಗು, ಹೇಳ್ತೀನಿ. ನಡುನಡುವೆ ಹೂಂ ಅಂತಿರಬೇಕು ಮತ್ತೆ. ನೀನು ಹೂಂ ಅನ್ನದಿದ್ರೆ ನನ್ನ ಬಾಯಿ ಮುಂದಕ್ಕೆ ಹೋಗಲ್ಲ.

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನಿಗೆ ಇನ್ನೂ ಹಲ್ಲೇ ಬಂದಿರದ ಕಾಲದಲ್ಲಿ, ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಳು ಇದ್ಲಂತೆ. ಹೆಸರಿಗೆ ತಕ್ಕ ಹಾಗೆ ಎತ್ತರದ ಆಳು, ಅಡುಗೆಮನೆ ಬಾಗಿಲು ದಾಟುವಾಗಲೆಲ್ಲ ಹಣೆ ಬಡಿಸ್ಕೊಂಡು ಬಾಗಿಲನ್ನೇ ಬಯ್ಯೋಳಂತೆ. ಗಂಡ ತೀರ್ಕೊಂಡಿದ್ದ, ಇದ್ದೋಳು ಒಬ್ಳೇ ಮಗಳು, ಸಾಕಮ್ಮ. ಮಗಳನ್ನ ಕಳಿಸಿಕೊಟ್ರೆ ಹೊಲ ನೋಡೋರ್ಯಾರು, ಮನೆ ಅಳಿಯನ್ನೇ ತರೋಣ ಅಂತಾಯ್ತಂತೆ. ಕಟ್ಟುಮಸ್ತಾದೋನು ಬರ್ತಾನೆ ಅಂತ ತಾಯಿ ಕಾದಿದ್ರೆ, ಮಗಳು ಒಪ್ಪಿದ್ದು ಪಕ್ಕದೂರಿನ ಹೊನ್ನಯ್ಯನ್ನ. ಗುಣ ಬಂಗಾರ, ಆಳು ಮಾತ್ರ ಗಿಡ್ಡ. ತಾಳಿ ಕಟ್ಟುವಾಗ ಸಾಕಮ್ಮನೇ ಒಂಚೂರು ಬಗ್ಗಿದ್ಲಂತೆ. ನಗಬೇಡ, ನಾನೂ ಗಿಡ್ಡನೇ.

ಹೊನ್ನಯ್ಯ ಹೊರಡುವಾಗ ಅವರವ್ವ ಬುಟ್ಟೀಲಿ ಮೂರು ಗುಜ್ಜು ಕೋಳಿ ಇಟ್ಟುಕೊಟ್ಲಂತೆ. ಗುಜ್ಜು ಅಂದ್ರೆ ಕಾಲು ಮೊಟಕು, ನಡೆದ್ರೆ ಹೊಟ್ಟೆ ನೆಲ ಒರೆಸುತ್ತೆ. ಹೊಸ ಮನೇಲಿ ನಿನ್ನ ಗುರುತು ಹಿಡಿಯೋರು ಯಾರಾದ್ರೂ ಇರಲಿ ಮಗಾ ಅಂದ್ಲಂತೆ.

ಅತ್ತೆ ಅಳಿಯನ್ನ ಏನೂ ಅನ್ನಲಿಲ್ಲವಂತೆ. ಅದೇ ಕಷ್ಟ. ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ ಅಳಿಯಂದ್ರೇ ಅಂತ ಜಗಲಿ ಮೇಲೆ ಚಾಪೆ ಹಾಸಿ, ಊಟಾನೂ ಅಲ್ಲಿಗೇ ತಂದಿಟ್ಟು ಹೋಗೋಳಂತೆ. ನೆಂಟರಿಗೆ ಹಾಗೆ ಮಾಡ್ತಾರೆ, ಆದ್ರೆ ಒಬ್ಬ ಮನುಷ್ಯ ಎಷ್ಟು ದಿನ ಅಂತ ನೆಂಟನಾಗಿರ್ತಾನೆ ಹೇಳು. ತಾಯಿ ಮಗಳು ಒಳಗೆ ಒಲೆ ಮುಂದೆ ಮಾತಾಡ್ತಾ ಉಣ್ಣೋರು, ಇವನು ಹೊರಗೆ ಗೋಡೆ ನೋಡ್ತಾ ಉಣ್ಣೋನು.

ಆಮೇಲೆ ಕೋಳಿಗಳ ಗತಿ ಕೇಳು. ಹಿತ್ತಿಲಲ್ಲಿ ದೊಡ್ಡತಾಯಮ್ಮನ ಕೋಳಿಗಳ ಹಿಂಡೇ ಇತ್ತಂತೆ. ಅವಕ್ಕೆಲ್ಲ ಯಜಮಾನಿ ಕೆಂಪಿ ಅನ್ನೋ ದೊಡ್ಡ ಕೋಳಿ, ಸಾಲದ್ದಕ್ಕೆ ಆಗ ತಾನೆ ಮರಿ ಮಾಡಿತ್ತು. ಹೊನ್ನಯ್ಯ, ಎಲ್ಲಾ ಕೋಳಿನೇ ತಾನೆ ಅಂತ ತನ್ನ ಮೂರನ್ನೂ ಸೀದಾ ತಂದು ಅವುಗಳ ಮಧ್ಯೆ ಬಿಟ್ನಂತೆ. ಬಿಟ್ಟಿದ್ದೇ ತಡ, ಕೆಂಪಿ ಓಡಿ ಬಂದು ಕುಕ್ಕಿ ಕುಕ್ಕಿ ಪುಕ್ಕ ಕಿತ್ತುಹಾಕ್ತು. ಗುಜ್ಜುಗಳು ಸೌದೆ ಸಂದೀಲಿ ಸೇರ್ಕೊಂಡು ದಿನವೆಲ್ಲ ಒಂದು ಕಾಳು ಕಾಣಲಿಲ್ಲವಂತೆ. ದೊಡ್ಡತಾಯಮ್ಮ ಬಂದು ನೋಡಿ, ಅಳಿಯಂದ್ರೇ, ಈ ಕಿತ್ತಾಟದಲ್ಲಿ ನನ್ನ ಕೋಳಿಗಳು ಮೊಟ್ಟೆ ಇಡಲ್ಲ, ಹಬ್ಬದೊಳಗೆ ಇವು ಒಂದಾದ್ರೆ ಸರಿ, ಇಲ್ದಿದ್ರೆ ಹಬ್ಬದ ಸಾರಿಗೆ ಇವೇ ಅಂದುಬಿಟ್ಲಂತೆ. ಹೊನ್ನಯ್ಯ, ಅವು ಸಾರಿಗೆ ಹೋದ ದಿನ ನಾನು ನಮ್ಮವ್ವನ ಮನೆಗೆ ಹೋಗ್ತೀನಿ ಕಣೆ ಅಂತ ಹೆಂಡ್ತಿಗೆ ಹೇಳಿದ. ಸಾಕಮ್ಮ ಕಣ್ಣು ತುಂಬ್ಕೊಂಡು, ಹಾಗನ್ನಬೇಡಿ, ಇನ್ನೊಂದು ಸಲ ನೋಡಿ ಅಂದ್ಲಂತೆ. ಹೂಂ ಅನ್ನು.

ಎರಡನೇ ಸಲ ಅವನು ಕೆಂಪೀನೇ ಹಿಡಿದು ಬಿದಿರು ಮಂಕರಿ ಬೋರಲು ಹಾಕಿ ಮುಚ್ಚಿಟ್ನಂತೆ. ಮರಿಗಳು ಚೀಂವ್ ಚೀಂವ್ ಅಂತ ಮಂಕರಿ ಸುತ್ತ ಅಳ್ತಾ ತಿರುಗಿದ್ವು, ಮಿಕ್ಕ ಕೋಳಿಗಳು ನಾನು ಯಜಮಾನಿ ತಾನು ಯಜಮಾನಿ ಅಂತ ಕಚ್ಚಾಡಿದ್ವು, ಸಾಯಂಕಾಲ ಬಿಟ್ಟಾಗ ಕೆಂಪಿ ಗುಜ್ಜುಗಳ ಜೊತೆ ಹೊನ್ನಯ್ಯನ ಕಾಲಿಗೂ ಕುಕ್ಕಿತಂತೆ. ಇನ್ನೇನು ಮಾಡುತ್ತೆ ಮತ್ತೆ, ಅದರ ಮನೇಲಿ ಅದನ್ನೇ ಕೂಡಿ ಹಾಕಿದ್ರೆ.

ಅವತ್ತು ಹೊನ್ನಯ್ಯ ಕಾಲು ಉಜ್ಕೊಳ್ತಾ ಜಗಲೀಲಿ ಉಣ್ಣಕ್ಕೆ ಕೂತ. ಒಳಗಿಂದ ನಗು ಕೇಳಿಸ್ತಿತ್ತು. ಗೋಡೆ ಆಚೆ ಕೂತು ಉಂಡ್ರೆ ಯಾರಿಗೆ ಯಾರ ಗುರುತಾಗುತ್ತೆ, ಎದುರುಬದುರು ಕೂತ್ರೆ ತಾನೆ ಅನ್ನಿಸ್ತಂತೆ. ಅಷ್ಟು ಅನ್ನಿಸಿದ್ದೇ ಎದ್ದ. ಮೂರನೇ ಸಲ ಗುಜ್ಜುಗಳನ್ನೇ ಮಂಕರಿ ಒಳಗಿಟ್ಟು, ಅದನ್ನ ಹಿತ್ತಿಲ ನಟ್ಟನಡುವೆ ಇಟ್ಟು, ರಾಗಿ ಒಳಗೊಂದಿಷ್ಟು ಹೊರಗೊಂದಿಷ್ಟು ಚೆಲ್ಲಿದ್ನಂತೆ. ಕೆಂಪಿ ಮೊದಲು ಮಂಕರಿ ಮೇಲೆ ಹತ್ತಿ ಬಾಯಿಗೆ ಬಂದ ಹಾಗೆ ಬೈತು. ಬೈದು ಬೈದು ಸುಸ್ತಾಗಿ ಕೆಳಗಿಳಿದು ರಾಗಿ ತಿಂತು. ದಿನಾ ಹೀಗೇ ಆಯ್ತು. ಬಿದಿರಿನ ಸಂದೀಲಿ ಅವು ಇವನ್ನ ನೋಡ್ತಾ, ಇವು ಅವನ್ನ ನೋಡ್ತಾ ತಿನ್ನೋದು ರೂಢಿಯಾಯ್ತಂತೆ. ಆಮೇಲೆ ಹೊನ್ನಯ್ಯ ಮಂಕರಿ ಅಂಚಿಗೆ ಒಂದು ಕಲ್ಲು ಕೊಟ್ಟು ಎತ್ತಿಟ್ಟ, ಗುಜ್ಜುಗಳು ನುಸುಳುವಷ್ಟು, ಕೆಂಪಿ ಹೋಗೋಕಾಗದಷ್ಟು. ಅವು ಹೊರಗೆ ಬಂದು ಮೇಯೋವು, ಕೆಂಪಿ ಕತ್ತೆತ್ತಿದ್ರೆ ಸರಕ್ಕನೆ ಒಳಗೆ ಹೋಗೋವು.

ಹಬ್ಬ ನಾಳೆ ಅನ್ನುವಾಗ, ದೊಡ್ಡತಾಯಮ್ಮ ಸಾರಿಗೆ ಖಾರ ಅರೀತಾ ಕೂತಿದ್ಲಂತೆ. ಆಕಾಶದಿಂದ ಒಂದು ಹದ್ದು ಸುಯ್ಯಂತ ಕೆಂಪಿ ಮರಿಗಳ ಮೇಲೇ ಇಳೀತು. ಕೆಂಪಿ ಕಿರುಚಿ ಮೇಲೆ ಹಾರಿತು, ಮರಿಗಳು ದಿಕ್ಕಾಪಾಲು. ಅಷ್ಟರಲ್ಲಿ ಗುಜ್ಜುಗಳು ಮಂಕರಿ ಕೆಳಗೆ ನುಗ್ಗಿದ್ವಲ್ಲ, ಅವುಗಳ ಹಿಂದೆ ಮರಿಗಳೂ ನುಗ್ಗಿದ್ವಂತೆ. ಮೂರೂ ರೆಕ್ಕೆ ಹರಡಿ ಮರಿಗಳನ್ನೆಲ್ಲ ಹೊಟ್ಟೆ ಅಡಿ ಹಾಕ್ಕೊಂಡ್ವು. ಹದ್ದು ಮಂಕರಿ ಮೇಲೆ ಪರಚಿ ಪರಚಿ, ಹೊನ್ನಯ್ಯ ಕೋಲು ಬೀಸಿದ ಮೇಲೆ ಬರಿಗೈಲಿ ಹೋಯ್ತಂತೆ.

ಆಮೇಲೆ ಗುಜ್ಜುಗಳು ಮರಿಗಳ ಜೊತೆ ಮೆಲ್ಲಗೆ ಹೊರಗೆ ಬಂದ್ವು. ಕೆಂಪಿ ಹತ್ತಿರ ಬಂತು. ಕೆಂಪಿ ಕುಕ್ಕಲಿಲ್ಲ ಮಗಾ, ನೆಲ ಕೆದಕಿ ಕೊಕ್ ಕೊಕ್ ಅಂತ ಕರೀತು, ಎಲ್ಲವೂ ಒಂದೇ ಕಡೆ ತಿಂದ್ವಂತೆ. ಕೈಯೆಲ್ಲ ಖಾರ ಮೆತ್ಕೊಂಡು ಬಾಗಿಲಲ್ಲಿ ನಿಂತಿದ್ದ ದೊಡ್ಡತಾಯಮ್ಮ ಎಲ್ಲಾ ನೋಡಿದ್ಲು, ಒಳಗೆ ಹೋದ್ಲು. ಆ ಖಾರಕ್ಕೆ ಅವರೆಕಾಳು ಹಾಕಿ ಸಾರು ಮಾಡಿದ್ಲಂತೆ.

ಊಟದ ಹೊತ್ತಿಗೆ ಹೊನ್ನಯ್ಯ ಎಂದಿನ ಹಾಗೆ ಜಗಲೀಲಿ ಕೂತ್ರೆ ತಟ್ಟೆ ಬರಲಿಲ್ಲ. ಚಾಪೇನೂ ಇರಲಿಲ್ಲ. ಒಳಗಿಂದ ಅತ್ತೆ, ಅಲ್ಲೇನು ಮಾಡ್ತಿದೀಯೋ ಹೊನ್ನಾ, ಮುದ್ದೆ ಆರೋಗುತ್ತೆ, ಒಲೆ ಹತ್ರ ಬಾ ಅಂದ್ಲಂತೆ. ಅಡುಗೆಮನೆ ಬಾಗಿಲು ಬಲೇ ತಗ್ಗು, ತಲೆ ಬಗ್ಗಿಸಿ ಅಂತ ಸಾಕಮ್ಮ ಹೇಳೋಷ್ಟರಲ್ಲಿ ಹೊನ್ನಯ್ಯ ನೆಟ್ಟಗೆ ನಡೆದು ಒಳಗೆ ಬಂದೇಬಿಟ್ನಂತೆ, ಕೂದಲೂ ತಾಗಲಿಲ್ಲ. ದೊಡ್ಡತಾಯಮ್ಮ ತನ್ನ ಹಣೆ ಸವರಿಕೊಂಡು, ಈ ಮನೆ ಕಟ್ಟಿಸಿದೋರು ನಿನ್ನ ಅಳತೆ ತಗೊಂಡೇ ಬಾಗಿಲಿಟ್ಟವ್ರೆ ಕಣೋ ಅಂತ ನಕ್ಕುಬಿಟ್ಲಂತೆ.

ಹೂಂ ಅನ್ನು. ಓ, ನಿದ್ದೆ ಬಂತಾ. ಸರಿ, ಕೋಳಿಗಳೆಲ್ಲ ಒಂದೇ ಗೂಡು ಸೇರಿದ್ವು, ಅಳಿಯ ಒಲೆ ಮುಂದೆ ಸೇರಿದ, ನೀನು ನನ್ನ ಮಗ್ಗುಲು ಸೇರಿದೆ. ಕತೆ ಮುಗೀತು.